ಸ್ಟೀಲ್ ಮೇಲಿನ ಗೀರು: ಉಜ್ಜುವ ಮೊದಲು ಒಮ್ಮೆ ನೋಡಿ

ಅಡುಗೆಮನೆಯ ಸ್ಟೀಲ್ ಸಾಮಾನುಗಳ ಮೇಲಿರುವ ಗೀರುಗಳಲ್ಲಿ ಹೆಚ್ಚಿನವು ಅಡುಗೆಯಿಂದ ಬಂದವಲ್ಲ, ತೊಳೆಯುವಾಗ ಬಂದವು. ಈ ಮಾತನ್ನು ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಯಾರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಸಿಂಕಿನ ಅಂಚಿನಲ್ಲಿ, ಸೋಪಿನ ಡಬ್ಬಿಯ ಪಕ್ಕ ಕುಳಿತಿರುವ ತಂತಿಯ ಉಂಡೆಯ ಮೇಲೆ. ನಮ್ಮ ತಲೆಮಾರಿನವರ ಕೈ ಹಿತ್ತಾಳೆ, ತಾಮ್ರ, ಕಂಚಿನ ಮೇಲೆ ಪಳಗಿದ್ದು. ಹುಣಸೆಹಣ್ಣು, ಬೂದಿ, ಇಟ್ಟಿಗೆ ಪುಡಿ ಹಾಕಿ, ತೆಂಗಿನ ನಾರು ಹಿಡಿದು ತೋಳು ನೋಯುವಷ್ಟು ತಿಕ್ಕಿದರೆ ಮಾತ್ರ ಅವು ಬೆಳಗುತ್ತಿದ್ದವು. ಸ್ಟೀಲ್ ಬಂದಾಗ ಪಾತ್ರೆ ಬದಲಾಯಿತೇ ಹೊರತು ಕೈ ಬದಲಾಗಲಿಲ್ಲ. ತಿಕ್ಕಿದಷ್ಟೂ ಹೊಳೆಯುತ್ತದೆ ಎಂಬ ಆ ಹಳೆಯ ನಂಬಿಕೆಯನ್ನು ನಾವು ಸೊಸೆಯಂದಿರಿಗೆ, ಕೆಲಸಕ್ಕೆ ಬರುವವರಿಗೆ ದಾಟಿಸಿದೆವು. ಈಗ ಅದು ಫ್ರಿಜ್ ಬಾಗಿಲಿನವರೆಗೂ ಬಂದು ನಿಂತಿದೆ.

ಸ್ಟೀಲ್ ಬೆಳಗುವ ಬಗೆಯೇ ಬೇರೆ. ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತಾಗ ಅದು ಸ್ಟೇನ್‌ಲೆಸ್ ಸ್ಟೀಲ್ ಆಗುತ್ತದೆ. ಒಳ್ಳೆಯ ಪಾತ್ರೆಗಳ ತಳದಲ್ಲಿ 18/8 ಎಂದು ಒತ್ತಿರುತ್ತಾರಲ್ಲ, ಅದರ ಅರ್ಥ ಶೇ 18 ಕ್ರೋಮಿಯಂ, ಶೇ 8 ನಿಕಲ್. ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆಯೊಂದನ್ನು ಕಟ್ಟಿಕೊಳ್ಳುತ್ತದೆ. ತುಕ್ಕನ್ನು ತಡೆಯುವುದು ಆ ಪೊರೆ. ಗೀರಿದ ಜಾಗದಲ್ಲಿ ಅದು ಹರಿದರೂ ಗಾಳಿ ತಗುಲುತ್ತಲೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹೊಸ ಒಲೆಯ ಮೇಲೆ ಗೀರು ಬಿತ್ತೆಂದು ಊಟ ಬಿಡಬೇಕಾಗಿಲ್ಲ. ಅದು ನೋಟದ ತೊಂದರೆ ಮಾತ್ರ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಿರಾಸೆಯಾಗಬಾರದು. ಗೀರು ಎಂದರೆ ಲೋಹ ಕಿತ್ತುಹೋದ ಜಾಗ. ಯಾವ ಪೇಸ್ಟೂ, ಯಾವ ಎಣ್ಣೆಯೂ ಅದನ್ನು ತುಂಬಿಸಿಕೊಡುವುದಿಲ್ಲ. ನಾವು ಮಾಡುವುದೆಲ್ಲ ಅದರ ಅಂಚನ್ನು ಸ್ವಲ್ಪ ಸವೆಸಿ, ಸುತ್ತಲಿನ ಸಣ್ಣ ಗೆರೆಗಳಲ್ಲಿ ಅದು ಕಳೆದುಹೋಗುವಂತೆ ಮಾಡುವುದು. ‘ಒಂದೇ ನಿಮಿಷದಲ್ಲಿ ಗೀರು ಮಾಯ’ ಎನ್ನುವ ವಿಡಿಯೊಗಳಲ್ಲಿ ಅಡುಗೆ ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಬರಿಸುತ್ತಾರೆ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದನ್ನೊಂದು ಕೊಂದು ಗಾಳಿಗುಳ್ಳೆಯಾಗಿ ಹೋಗುತ್ತವೆ. ನೋಡಲು ಚೆಂದ, ಕೆಲಸಕ್ಕೆ ಸೊನ್ನೆ. ಬೇಕಾದರೆ ಒಂದನ್ನು ಬಳಸಿ, ತೊಳೆದು, ಆಮೇಲೆ ಇನ್ನೊಂದನ್ನು ಬಳಸಿ.

ಈಗ ಕೆಲಸಕ್ಕೆ ಬರೋಣ. ಮೊದಲು ಜಾಗವನ್ನು ಪಾತ್ರೆ ತೊಳೆಯುವ ದ್ರವದ ನಾಲ್ಕು ಹನಿ ಬೆರೆಸಿದ ಬೆಚ್ಚಗಿನ ನೀರಿನಿಂದ ಒರೆಸಿ, ಒಣಗಿಸಿ. ಒಗ್ಗರಣೆಯ ಜಿಡ್ಡಿನ ಮೇಲೆ ಏನು ಉಜ್ಜಿದರೂ ಜಿಡ್ಡು ಹರಡುತ್ತದೆ ಅಷ್ಟೇ. ಬಳಿಕ ಅಡುಗೆಮನೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಆಗ ಮೂರು ಸಂಗತಿ ತಿಳಿಯುತ್ತವೆ. ಅದು ನಿಜವಾಗಿ ಗೀರೋ ಅಥವಾ ಕಲೆಯೋ ಎಂಬುದು ಒಂದು. ಅಲ್ಯೂಮಿನಿಯಂ ಬೋಗುಣಿಯನ್ನು ಸಿಂಕಿನಲ್ಲಿ ಎಳೆದಾಗ ಬೀಳುವ ಬೂದುಬಣ್ಣದ ಗೆರೆ ಗೀರಲ್ಲ, ಅಲ್ಯೂಮಿನಿಯಮ್ಮೇ ಸ್ಟೀಲಿಗೆ ಮೆತ್ತಿಕೊಂಡದ್ದು. ಬೋರ್‌ವೆಲ್ ನೀರು ಒಣಗಿ ಉಳಿದ ಬಿಳಿ ಗೆರೆಯೂ ಗೀರಿನಂತೆಯೇ ಕಾಣುತ್ತದೆ. ನಿಂಬೆಹೋಳನ್ನು ತಿಕ್ಕಿ, ತುಸು ಬಿಟ್ಟು ತೊಳೆದರೆ ಆ ಬಿಳಿ ಗೆರೆ ಹೋಗುತ್ತದೆ. ಬೂದು ಗೆರೆಗೆ ಸೋಡಾ ಸಾಕು. ಎರಡನೆಯದು ಆಳ. ಗೀರಿಗೆ ಅಡ್ಡಲಾಗಿ ಉಗುರು ಆಡಿಸಿ. ಉಗುರು ಸಿಕ್ಕಿಕೊಂಡರೆ ಅದು ಮನೆಯ ಉಪಾಯಕ್ಕೆ ಬಗ್ಗುವುದಿಲ್ಲ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ಎಳೆ ಯಾವ ಕಡೆಗೆ ಹೋಗಿದೆ ಎಂಬುದು.

ಮರಕ್ಕೆ ಇರುವಂತೆ ಸ್ಟೀಲಿಗೂ ಎಳೆ ಇರುತ್ತದೆ. ಫ್ರಿಜ್, ಚಿಮಣಿ, ಓವನ್‌ಗಳ ಮಂದ ಹೊಳಪಿನ ತಗಡನ್ನು ಕಾರ್ಖಾನೆಯಲ್ಲಿ ಉಜ್ಜುಪಟ್ಟಿಯಿಂದ ಒಂದೇ ದಿಕ್ಕಿಗೆ ಉಜ್ಜಿರುತ್ತಾರೆ. ಅದರಿಂದ ಬಂದ ಕೂದಲೆಳೆಯಂಥ ಗೆರೆಗಳೇ ಆ ತಗಡಿನ ಅಂದ. ಕೆಲವು ಫ್ರಿಜ್‌ಗಳಲ್ಲಿ ಎಳೆ ಮೇಲಿನಿಂದ ಕೆಳಕ್ಕೆ, ಕೆಲವದರಲ್ಲಿ ಎಡದಿಂದ ಬಲಕ್ಕೆ. ತಿರುಗಣೆಯ ಮೇಲೆ ಉಜ್ಜಿದ ಪಾತ್ರೆಗಳಲ್ಲಿ ವೃತ್ತಾಕಾರವಾಗಿರುತ್ತದೆ. ಏನೇ ಮಾಡಿದರೂ ಎಳೆಯ ದಿಕ್ಕಿನಲ್ಲೇ ಕೈ ಓಡಬೇಕು. ತೊಳೆಯುವಾಗ ನಾವು ಗುಂಡಗೆ ಕೈ ಆಡಿಸುತ್ತೇವಲ್ಲ, ಆ ಅಭ್ಯಾಸ ಒಂದೇ ಸಾಕು, ಮೂವತ್ತು ಸಾವಿರದ ಫ್ರಿಜ್ ಬಾಗಿಲನ್ನು ಜೇಡರಬಲೆ ಮಾಡಿಬಿಡಲು.

ಫ್ರಿಜ್ ಎಂದಾಗ ಒಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯಲ್ಲಿ ಸ್ಟೀಲ್ ಎಂದು ತೋರಿಸುವ ಬಾಗಿಲುಗಳಲ್ಲಿ ಬಹಳಷ್ಟು ಸ್ಟೀಲೇ ಅಲ್ಲ. ಸ್ಟೀಲ್ ಬಣ್ಣ ಅಥವಾ ಪ್ಲಾಸ್ಟಿಕ್ ಪದರ ಹೊದಿಸಿದ ಕಬ್ಬಿಣದ ತಗಡು. ನಿಜವಾದ ಸ್ಟೀಲ್ ಇದ್ದರೂ ಬೆರಳಚ್ಚು ಕೂರದಿರಲೆಂದು ಮೇಲೆ ಪಾರದರ್ಶಕ ಲೇಪ ಹಚ್ಚಿರುವುದುಂಟು. ಇವುಗಳ ಮೇಲೆ ಸೋಡಾ, ಪೇಸ್ಟ್, ಪ್ಯಾಡ್ ಯಾವುದೂ ಕೂಡದು. ಲೇಪ ಸವೆದರೆ ಮಂಕಾದ ತೇಪೆ ಶಾಶ್ವತವಾಗಿ ಉಳಿಯುತ್ತದೆ. ಆಯಸ್ಕಾಂತ ಹಚ್ಚಿ ನೋಡುವವರಿದ್ದಾರೆ, ಅದರಿಂದ ಇಲ್ಲಿ ಏನೂ ತಿಳಿಯದು. ಫ್ರಿಜ್, ಒಲೆಗಳಿಗೆ ಬಳಸುವ 430 ಎಂಬ ದರ್ಜೆಯ ಅಸಲಿ ಸ್ಟೀಲಿಗೂ ಆಯಸ್ಕಾಂತ ಅಂಟುತ್ತದೆ, ಬಣ್ಣ ಬಳಿದ ಕಬ್ಬಿಣಕ್ಕೂ ಅಂಟುತ್ತದೆ. ಪಾತ್ರೆಯ 304 ಸ್ಟೀಲಿಗೆ ಸಾಮಾನ್ಯವಾಗಿ ಅಂಟುವುದಿಲ್ಲ, ಅಗ್ಗದ 202ಕ್ಕೂ ಅಂಟುವುದಿಲ್ಲ. ಫ್ರಿಜ್ ಜೊತೆ ಬಂದ ಕೈಪಿಡಿ ಓದಿ. ಅದು ಕಳೆದುಹೋಗಿದ್ದರೆ ಬಾಗಿಲಿನ ತೀರಾ ಕೆಳಮೂಲೆಯಲ್ಲಿ, ಬೆರಳಗಲದ ಜಾಗದಲ್ಲಿ ಮಾತ್ರ ಸೋಡಾ ಹಚ್ಚಿ ಮೆಲ್ಲಗೆ ಉಜ್ಜಿ ನೋಡಿ. ಅಲ್ಲಿ ಬಣ್ಣ ಅಥವಾ ಹೊಳಪು ಬದಲಾದರೆ ಅಲ್ಲಿಗೇ ನಿಲ್ಲಿಸಿ. ಲೇಪವಿರುವ ಬಾಗಿಲಿನ ಗೀರಿಗೆ ಅದೇ ಬಣ್ಣದ ಟಚ್‌ಅಪ್ ಪೆನ್ ಒಂದು ದಾರಿ. ಮೊಮ್ಮಗಳು ಬರೆದ ಚಿತ್ರವನ್ನು ಅದರ ಮೇಲೆ ಅಂಟಿಸುವುದು ಇನ್ನೊಂದು ದಾರಿ, ನನಗೆ ಅದೇ ಮೇಲೆನಿಸುತ್ತದೆ.

ಲೇಪವಿಲ್ಲದ ಅಸಲಿ ಸ್ಟೀಲ್ ಎಂದು ಖಾತ್ರಿಯಾದರೆ ಅತ್ಯಂತ ಮೃದುವಾದುದರಿಂದ ಆರಂಭಿಸಿ. ಎರಡು ಚಮಚ ಅಡುಗೆ ಸೋಡಾಕ್ಕೆ ಹನಿಹನಿಯಾಗಿ ನೀರು ಹಾಕಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಬಟ್ಟೆ ಒಗೆಯುವ ಸೋಡಾ ಅಲ್ಲ, ಅಡುಗೆ ಸೋಡಾ. ಮೆತ್ತಗಾದ ಹಳೆಯ ಪಂಚೆಯ ಚೂರಿನಲ್ಲಿ ತೆಗೆದುಕೊಂಡು ಎಳೆಯ ದಿಕ್ಕಿನಲ್ಲಿ, ಒತ್ತದೆ, ಉದ್ದಕ್ಕೆ ಉಜ್ಜಿ. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿ, ಬೇಕಾದರೆ ಮತ್ತೆ ಹಚ್ಚಿ. ಕೂದಲೆಳೆಯಂಥ ಗೀರುಗಳು ಇಷ್ಟಕ್ಕೇ ಮಸುಕಾಗುತ್ತವೆ. ಹಲ್ಲುಜ್ಜುವ ಬಿಳಿಯ ಸಾದಾ ಪೇಸ್ಟ್ ಕೂಡ ಇದೇ ಕೆಲಸ ಮಾಡುತ್ತದೆ, ಅದರಲ್ಲಿರುವುದೂ ನಯವಾದ ಉಜ್ಜುಪುಡಿಯೇ. ನಮ್ಮ ಕಡೆ ಸೋಸಿದ ವಿಭೂತಿಯಿಂದ ತಟ್ಟೆ ಲೋಟ ಒರೆಸುವ ರೂಢಿ ಇತ್ತು. ಕನ್ನಡಿಯ ಹೊಳಪಿನ ಪಾತ್ರೆಗೆ ಅದು ಈಗಲೂ ಒಳ್ಳೆಯದು. ರಂಗೋಲಿ ಪುಡಿಯನ್ನು ಮಾತ್ರ ಮುಟ್ಟಬೇಡಿ. ಅದು ಕಲ್ಲಿನ ಪುಡಿ, ಒಂದು ಗೀರು ತೆಗೆಯಲು ಹೋಗಿ ನೂರು ಬೀಳುತ್ತವೆ. ಪಾತ್ರೆ ತೊಳೆಯುವ ಒರಟು ಪುಡಿಗಳ ಕಥೆಯೂ ಅಷ್ಟೇ.

ಸೋಡಾಕ್ಕೆ ಬಗ್ಗದ ಗೀರಿಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕು. ಅಡುಗೆಮನೆಯ ಹಸಿರು ಪ್ಯಾಡ್ ಒರಟು. ಅಂಗಡಿಯಲ್ಲಿ ಬೂದುಬಣ್ಣದ, ಅತಿ ನಯವಾದ ಉಜ್ಜುಪ್ಯಾಡ್ ಸಿಗುತ್ತದೆ, ಅದನ್ನು ಕೇಳಿ. ಜೊತೆಗೆ ಪೇಂಟರುಗಳು ವಾಟರ್ ಪೇಪರ್ ಎನ್ನುವ, ನೀರು ಹಾಕಿ ಉಜ್ಜುವ ಉಪ್ಪುಕಾಗದ 600 ಮತ್ತು 400 ನಂಬರಿನದು ಒಂದೊಂದು ಹಾಳೆ. ನಂಬರ್ ಹೆಚ್ಚಾದಷ್ಟೂ ನಯ. ವಿದ್ಯುತ್ ಸಾಮಾನಾದರೆ ಪ್ಲಗ್ ಕಿತ್ತಿಡಿ, ಗ್ಯಾಸ್ ಒಲೆಯಾದರೆ ರೆಗ್ಯುಲೇಟರ್ ಮುಚ್ಚಿ. ಪಕ್ಕದಲ್ಲಿರುವ ಗುಂಡಿ, ಅಕ್ಷರ, ಪ್ಲಾಸ್ಟಿಕ್ ಪಟ್ಟಿಗಳಿಗೆಲ್ಲ ಪೇಂಟರುಗಳ ಟೇಪ್ ಅಂಟಿಸಿ. ಬೂದು ಪ್ಯಾಡನ್ನು ಸೋಪುನೀರಿನಲ್ಲಿ ಅದ್ದಿ, ಬೆರಳಿನಿಂದ ಒತ್ತದೆ, ಒಂದು ಚಪ್ಪಟೆ ಸ್ಪಂಜಿಗೆ ಸುತ್ತಿಕೊಂಡು ಎಳೆಯಿರಿ. ಬೆರಳಿನಿಂದ ಒತ್ತಿದರೆ ಬೆರಳಿನ ಅಗಲಕ್ಕೆ ಹಳ್ಳ ಬೀಳುತ್ತದೆ.

ಇಲ್ಲಿ ಎಲ್ಲರ ಕೈಯೂ ಗೀರಿರುವ ಎರಡು ಅಂಗುಲಕ್ಕೇ ಅಂಟಿಕೊಳ್ಳುತ್ತದೆ. ಹಾಗೆ ಮಾಡಿದರೆ ಗೀರು ಹೋಗಿ ಅದರ ಜಾಗದಲ್ಲಿ ಬೇರೆ ಹೊಳಪಿನ ತೇಪೆ ಕುಳಿತುಕೊಳ್ಳುತ್ತದೆ, ಗೀರಿಗಿಂತ ಅದೇ ದೂರದಿಂದ ಕಾಣುತ್ತದೆ. ತಗಡಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ, ನೆಲ ಒರೆಸುವವರು ಪಟ್ಟಿ ಹಿಡಿದು ಹೋಗುವ ಹಾಗೆ, ಪೂರ್ತಿ ಉದ್ದಕ್ಕೆ ಎಳೆಯಿರಿ. ಪ್ಯಾಡಿಗೆ ಮಣಿಯದಿದ್ದರೆ 600ರ ಕಾಗದ, ಅದಕ್ಕೂ ಮಣಿಯದಿದ್ದರೆ 400. ಕೊನೆಗೆ ಮತ್ತೆ ಪ್ಯಾಡ್ ಎಳೆದು ಹೊಳಪನ್ನು ಸಮ ಮಾಡಿ. ಕಾರ್ಖಾನೆಯ ಮಂದ ಎಳೆ ಸಾಮಾನ್ಯವಾಗಿ 120ರಿಂದ 180 ನಂಬರಿನ ಒರಟು ಪಟ್ಟಿಯಿಂದ ಬಂದದ್ದು. ಹಾಗಾಗಿ ನಿಮ್ಮ ನಯವಾದ ಕಾಗದ ಉಜ್ಜಿದ ಜಾಗ ಸುತ್ತಲಿಗಿಂತ ಹೆಚ್ಚು ಹೊಳೆದರೆ ಗಾಬರಿಯಾಗಬೇಡಿ. ತುಸು ಒರಟಾದ ಪ್ಯಾಡಿನಿಂದ ಒಂದೆರಡು ಬಾರಿ ಎಳೆದರೆ ಎಳೆ ಹೊಂದಿಕೊಳ್ಳುತ್ತದೆ.

ಕನ್ನಡಿಯಂತೆ ಹೊಳೆಯುವ ಸಾಮಾನಿಗೆ ಈ ಪ್ಯಾಡು, ಕಾಗದ ಯಾವುದೂ ಸಲ್ಲದು. ಅದಕ್ಕೆ ಎಳೆಯೇ ಇಲ್ಲ, ಗೀರನ್ನು ಅಡಗಿಸಲು ಜಾಗವೂ ಇಲ್ಲ. ಬ್ರಾಸೊದಂಥ ಲೋಹದ ಪಾಲಿಶ್ ಮತ್ತು ಮೆತ್ತನೆಯ ಬಟ್ಟೆಯಿಂದ ಆದಷ್ಟು ಆಯಿತು. ಮಿಕ್ಕದ್ದು ಬಫಿಂಗ್ ಯಂತ್ರ ಇಟ್ಟುಕೊಂಡವರ ಕೆಲಸ.

ಉಜ್ಜಿ ಮುಗಿದ ಮೇಲೆ ಸೋಪುನೀರಿನಿಂದ ಚೆನ್ನಾಗಿ ತೊಳೆದು, ಒಣಬಟ್ಟೆಯಿಂದ ಒರೆಸಿ, ಒಂದು ದಿನ ಗಾಳಿಗೆ ಬಿಡಿ. ಹರಿದ ಪೊರೆ ಚೆನ್ನಾಗಿ ಕಟ್ಟಿಕೊಳ್ಳಲಿ. ಆ ದಿನ ಉಪ್ಪು, ಬ್ಲೀಚ್ ಹತ್ತಿರ ಸುಳಿಯಬಾರದು. ಮಾರನೆಯ ದಿನ ಎರಡೇ ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಾಕಿ ಎಳೆಯುದ್ದಕ್ಕೂ ಸವರಿ, ಮತ್ತೊಂದು ಬಟ್ಟೆಯಿಂದ ಒರೆಸಿ ತೆಗೆದರೆ ಉಳಿದ ಸಣ್ಣ ಗೀರುಗಳೂ ಮರೆಯಾಗುತ್ತವೆ. ಹೆಚ್ಚು ಹಚ್ಚಿದರೆ ಧೂಳು ಕೂತು ಅಂಟಂಟಾಗುತ್ತದೆ. ಸೂರ್ಯಕಾಂತಿ ಎಣ್ಣೆ ಬೇಡ, ಒಣಗುತ್ತಾ ಗೋಂದಿನಂತಾಗುತ್ತದೆ.

ಸಿಂಕಿಗೆ ಇಷ್ಟೆಲ್ಲ ಉಪಚಾರ ದಂಡ. ಹೊಸ ಸಿಂಕಿನ ಮೊದಲ ಗೀರು ಕಣ್ಣಿಗೆ ಚುಚ್ಚುತ್ತದೆ, ವರ್ಷ ಕಳೆಯುವುದರಲ್ಲಿ ಎಲ್ಲೆಡೆ ಸಮನಾಗಿ ಗೀರು ಬಿದ್ದು ಯಾವುದೂ ಕಾಣದಂತಾಗುತ್ತದೆ. ಅಡುಗೆ ಪಾತ್ರೆಗಳ ಒಳಮೈಯನ್ನೂ ಬಿಟ್ಟುಬಿಡಿ. ಸೌಟಿನ ಗೀರಿನಿಂದ ಸಾರಿಗೆ ಏನೂ ಆಗುವುದಿಲ್ಲ, ಪಾಲಿಶ್ ಉಳಿದರೆ ಆಗುತ್ತದೆ. ಕುಕ್ಕರ್ ತಳದ ನೀಲಿ, ಕೆಂಪು ಬಣ್ಣದ ಛಾಯೆಯನ್ನು ಗೀರೆಂದು ಉಜ್ಜುವವರಿದ್ದಾರೆ. ಅದು ಅತಿ ಕಾವಿನಿಂದ ಪೊರೆ ದಪ್ಪವಾದದ್ದು, ನಿಂಬೆರಸ ಅಥವಾ ವಿನೆಗರ್ ಹಚ್ಚಿ ಒರೆಸಿದರೆ ಹೋಗುತ್ತದೆ. ಆದರೆ ಪಾತ್ರೆಯ ತಳದಲ್ಲಿ ಸೂಜಿ ಚುಚ್ಚಿದಂಥ ಚುಕ್ಕೆಗಳಿದ್ದರೆ ಅದು ಉಪ್ಪಿನ ಕೆಲಸ. ತಣ್ಣೀರಿಗೆ ಹಾಕಿದ ಉಪ್ಪು ಕರಗದೆ ತಳದಲ್ಲಿ ಕೂತು ಪೊರೆಯನ್ನು ತಿನ್ನುತ್ತದೆ. ಆ ಚುಕ್ಕೆ ಹೋಗುವುದಿಲ್ಲ. ನೀರು ಕುದಿ ಬಂದ ಮೇಲೆ ಉಪ್ಪು ಹಾಕಿದರೆ ಹೊಸದು ಆಗುವುದಿಲ್ಲ. ಡಿಶ್‌ವಾಷರ್ ಇರುವವರು ಅದರ ಉಪ್ಪು ತುಂಬುವಾಗ ಚೆಲ್ಲಿದರೆ ಆಗಲೇ ಯಂತ್ರವನ್ನು ಓಡಿಸಿ ತೊಳೆದುಬಿಡಿ.

ಗೀರು ಬೀಳದಂತೆ ಮಾಡುವುದರ ಬಗ್ಗೆ ಹೇಳುವುದಾದರೆ, ತಂತಿಯ ಉಂಡೆಯನ್ನು ಇಂದೇ ಮನೆಯಿಂದ ಹೊರಗೆ ಹಾಕಿ. ಕಬ್ಬಿಣದ ನಾರಾದರೆ ಗೀರುವುದರ ಜೊತೆಗೆ ಅದರ ಚೂರುಗಳು ಸ್ಟೀಲಿನಲ್ಲಿ ಸಿಕ್ಕಿಕೊಂಡು ತುಕ್ಕು ಹಿಡಿಯುತ್ತವೆ. ಸ್ಟೀಲೇ ತುಕ್ಕು ಹಿಡಿಯಿತೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗುತ್ತೇವೆ. ಅದರ ಬದಲು ಬಲಿತು ಒಣಗಿದ ಹೀರೆಕಾಯಿಯ ನಾರನ್ನು ಬಳಸಿ. ಬೀಜ ಉದುರಿಸಿ, ನೀರಿನಲ್ಲಿ ನೆನೆಸಿದರೆ ಅದರಷ್ಟು ಒಳ್ಳೆಯ ಉಜ್ಜುಗ ಇನ್ನೊಂದಿಲ್ಲ. ತಳ ಹಿಡಿದ ಪಾತ್ರೆಗೆ ನೀರು, ಸೋಡಾ ಹಾಕಿ ಕುದಿಸಿ ಬಿಟ್ಟರೆ ತಿಕ್ಕುವ ಪ್ರಶ್ನೆಯೇ ಬರುವುದಿಲ್ಲ. ಒದ್ದೆಯಾದ ಕಬ್ಬಿಣದ ಕಾವಲಿಯನ್ನು ಸಿಂಕಿನಲ್ಲಿ ರಾತ್ರಿಯಿಡೀ ಬಿಡಬೇಡಿ. ಒಲೆ ಒರೆಸುವಾಗ ಬಳೆ, ಉಂಗುರ ತೆಗೆದಿಡಿ. ಫ್ರಿಜ್ ಮೇಲಿನ ಆಯಸ್ಕಾಂತದ ಬೊಂಬೆಗಳನ್ನು ಎಳೆದು ಜರುಗಿಸದೆ ಎತ್ತಿ ಇಡಿ, ಅಡಿಯಲ್ಲಿ ಸಿಕ್ಕ ಮರಳಿನ ಕಣವೇ ಗೀರುತ್ತದೆ.

ಹೊಸ ಸಾಮಾನಿನ ಮೇಲೆ ಬರುವ ಪ್ಲಾಸ್ಟಿಕ್ ಹಾಳೆಯನ್ನು ವರ್ಷಗಟ್ಟಲೆ ತೆಗೆಯದವರು ನಮ್ಮಲ್ಲಿ ಕಡಿಮೆಯಿಲ್ಲ. ಹೊಸತು ಹೊಸತಾಗಿಯೇ ಇರಲಿ ಎಂಬ ಆಸೆ. ಒಲೆಯ ಕಾವಿಗೆ ಅದರ ಅಂಟು ಬೆಂದು ಗಟ್ಟಿಯಾಗುತ್ತದೆ, ಆಮೇಲೆ ಚಾಕು ಹಿಡಿದು ಕೆರೆಯುತ್ತಾರೆ, ಅಲ್ಲಿಗೆ ಆಸೆಯೂ ಮುಗಿಯಿತು. ತಂದ ದಿನವೇ ಕಿತ್ತುಬಿಡಿ. ಈಗಾಗಲೇ ಅಂಟಿಕೊಂಡಿದ್ದರೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದು ಮೆತ್ತಗಾದಂತೆ ಬಿಡಿಸಿ, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಒರೆಸಿ. ಹೊಸ ಪಾತ್ರೆಯ ಚೀಟಿಗೆ ಇನ್ನೂ ಸುಲಭ: ಒಳಗೆ ಕುದಿನೀರು ತುಂಬಿಸಿ, ಸ್ವಲ್ಪ ಹೊತ್ತಿನಲ್ಲಿ ಹೊರಗಿನ ಚೀಟಿ ಇಡಿಯಾಗಿ ಸುಲಿದು ಬರುತ್ತದೆ.

ಬಚ್ಚಲು ತೊಳೆಯುವ ಆ್ಯಸಿಡ್ ಬಾಟಲಿಯನ್ನು ಸಿಂಕಿನ ಕೆಳಗಿನ ಕಪಾಟಿನಲ್ಲಿ ಇಡುವವರು ಈ ಕೂಡಲೇ ಅದನ್ನು ಬೇರೆಡೆಗೆ ಒಯ್ಯಿರಿ. ಮುಚ್ಚಳ ಬಿಗಿಯಾಗಿಲ್ಲದಿದ್ದರೆ ಅದರ ಹಬೆಯೊಂದೇ ಸಿಂಕಿನ ತಳಕ್ಕೆ, ಪಕ್ಕದ ಪಾತ್ರೆಗಳಿಗೆ ತುಕ್ಕು ಹಿಡಿಸುತ್ತದೆ. ಆ ತುಕ್ಕಿನ ಚುಕ್ಕೆಗಳು ಹೊಸದಾಗಿದ್ದರೆ ಸೋಡಾ ಕಲಸಿ ಎಳೆಯ ದಿಕ್ಕಿನಲ್ಲಿ ಉಜ್ಜಿದರೆ ಹೋಗುತ್ತವೆ, ಹಳೆಯದಾಗಿ ಹಳ್ಳ ಬಿದ್ದಿದ್ದರೆ ಹೋಗುವುದಿಲ್ಲ.