ಅರಫಾ ದಿನದ ರೋಜಾ: ನನ್ನ ಅನುಭವ

ರಂಜಾನ್‌ನಲ್ಲಿ ಇಡೀ ಮನೆ ಸಹರಿಗೆ (ನಸುಕಿಗೆ ಮುಂಚಿನ ಊಟಕ್ಕೆ) ಏಳುತ್ತದೆ. ಸಂಜೆ ಓಣಿ ತುಂಬ ಸಮೋಸಾ ವಾಸನೆ. ನಫಿಲ್ ರೋಜಾಕ್ಕೆ, ಅಂದರೆ ಕಡ್ಡಾಯವಲ್ಲದ ಉಪವಾಸಕ್ಕೆ, ಇದ್ಯಾವುದೂ ಇಲ್ಲ. ಬಿಟ್ಟರೆ ಪಾಪವಿಲ್ಲ, ಯಾಕೆ ಬಿಟ್ಟಿರಿ ಅಂತ ಕೇಳುವವರೂ ಇಲ್ಲ. ಅದಕ್ಕೇ ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಅಲ್ಲಾಹನಿಗೂ ನನಗೂ ನಡುವೆ ಮಾತ್ರ ಇರುವ ದಿನ ಅದು.

ಮೊಹರಂನ ಆಶೂರಾ, ಶವ್ವಾಲ್‌ನ ಆರು ರೋಜಾ, ಇವೆಲ್ಲ ಇವೆ. ಆದರೆ ಬಕ್ರೀದ್‌ನ ಹಿಂದಿನ ದಿನ, ಅಂದರೆ ಜಿಲ್‌ಹಜ್ ತಿಂಗಳ 9ರ ಅರಫಾ ರೋಜಾ ನಾನು ತಪ್ಪಿಸುವುದಿಲ್ಲ. ಹಾಜಿಗಳು ಮಕ್ಕಾ ಹತ್ತಿರದ ಅರಫಾ ಮೈದಾನದಲ್ಲಿ ನಿಂತು ದುವಾ (ಪ್ರಾರ್ಥನೆ) ಮಾಡುವ ದಿನವದು. ಅಲ್ಲಿರುವಾಗ ಪ್ರವಾದಿಯವರು ರೋಜಾ ಇರಲಿಲ್ಲ, ಎಲ್ಲರ ಎದುರೇ ಹಾಲು ಕುಡಿದರು. ಊರಲ್ಲೇ ಉಳಿದವರಿಗೆ ಮಾತ್ರ ಈ ರೋಜಾ. ಹಿಂದಿನ ಒಂದು ವರ್ಷದ, ಮುಂದಿನ ಒಂದು ವರ್ಷದ ಪಾಪಗಳಿಗೆ ಇದು ಪರಿಹಾರ ಎಂದು ಪ್ರವಾದಿಯವರ ಮಾತುಗಳ ಸಂಗ್ರಹವಾದ ಹದೀಸ್‌ನಲ್ಲಿದೆ. ಹಜ್‌ಗೆ ಹೋಗಲು ಇನ್ನೂ ಹಣ ಕೂಡಿಸುತ್ತಿರುವ ನನ್ನಂಥವರಿಗೆ ಇದಕ್ಕಿಂತ ದೊಡ್ಡ ಕೊಡುಗೆ ಏನಿದೆ?

ಯಾವ ದಿನ ಇರಬೇಕು ಅನ್ನುವುದೇ ಪ್ರತಿ ವರ್ಷದ ಚರ್ಚೆ. 2025ರಲ್ಲಿ ಹಾಜಿಗಳು ಅರಫಾದಲ್ಲಿದ್ದದ್ದು ಜೂನ್ 5ಕ್ಕೆ. ನಮ್ಮಲ್ಲಿ ಚಂದ್ರ ಕಂಡ ಲೆಕ್ಕದಲ್ಲಿ 9ನೇ ದಿನ ಬಂದದ್ದು ಜೂನ್ 6ಕ್ಕೆ. ನಾನು ಎರಡೂ ದಿನ ಇದ್ದೆ. ಆ ತಿಂಗಳ ಮೊದಲ ಒಂಬತ್ತು ದಿನವೂ ರೋಜಾಕ್ಕೆ ಒಳ್ಳೆಯವೇ, ಮತ್ತೆ ವಾದ ಯಾಕೆ?

ರಂಜಾನ್‌ನಲ್ಲಿ ಬಿಟ್ಟುಹೋದ ರೋಜಾಗಳನ್ನು ಅಷ್ಟರೊಳಗೆ ತೀರಿಸಿರುತ್ತೇನೆ. ಕಡ್ಡಾಯದ ಸಾಲ ಮೊದಲು ಅನ್ನುವುದು ನನ್ನ ಅಭಿಪ್ರಾಯ. ನಿಯ್ಯತ್ (ರೋಜಾದ ಸಂಕಲ್ಪ) ರಾತ್ರಿಯೇ ಮಾಡುತ್ತೇನೆ. ಮರೆತರೂ ಚಿಂತೆಯಿಲ್ಲ. ನಸುಕಿನಿಂದ ಏನೂ ತಿಂದಿರದಿದ್ದರೆ ನಫಿಲ್‌ಗೆ ಮಧ್ಯಾಹ್ನದೊಳಗೆ ಮಾಡಿಕೊಳ್ಳಬಹುದು.

ಜೂನ್‌ನಲ್ಲಿ ಹಗಲು ಉದ್ದ. ಹುಬ್ಬಳ್ಳಿಯಲ್ಲಿ ನಸುಕಿನಿಂದ ಸೂರ್ಯಾಸ್ತದವರೆಗಿನ ರೋಜಾ 14 ಗಂಟೆ ದಾಟುತ್ತದೆ. ನನ್ನನ್ನು ಕಾಡುವುದು ಹಸಿವಲ್ಲ, ಚಹಾ ಇಲ್ಲದ ತಲೆನೋವು. ಹಾಗಾಗಿ ಒಂದು ವಾರ ಮೊದಲೇ ಚಹಾ ಕಡಿಮೆ ಮಾಡುತ್ತಾ ಬರುತ್ತೇನೆ. ಸಹರಿಗೆ ಜೋಳದ ರೊಟ್ಟಿ, ಮೊಸರು, ಒಂದು ಬಾಳೆಹಣ್ಣು. ಉಪ್ಪಿನಕಾಯಿ ಮುಟ್ಟುವುದಿಲ್ಲ, ಮುಟ್ಟಿದರೆ ಹಗಲೆಲ್ಲ ದಾಹ. ಶಾಲೆಯಲ್ಲಿ "ಯಾಕ್ರೀ ಟೀಚರ್, ಚಹಾ ಬ್ಯಾಡೇನು?" ಅಂತ ಕೇಳಿದರೆ ಇವತ್ತು ಬೇಡ ಅಂತಷ್ಟೇ ಹೇಳುತ್ತೇನೆ. ಸಾರಿಕೊಂಡು ತಿರುಗುವ ರೋಜಾ ಅಲ್ವಲ್ಲ ಇದು. ಮನೆಗೆ ಬಂದರೆ ಹಬ್ಬದ ಮಸಾಲೆ ಅರೆಯುವ ಕೆಲಸ ಕಾದಿರುತ್ತದೆ. ಅಸರ್ (ಸಂಜೆಗೆ ಮುಂಚಿನ ನಮಾಜ್) ಆದ ಮೇಲೆ ಮಾತ್ರ ಎಲ್ಲ ಬದಿಗಿಟ್ಟು ದುವಾಕ್ಕೆ ಕೂರುತ್ತೇನೆ. ತೀರಿಕೊಂಡ ಅಬ್ಬಾನ ಹೆಸರು ಮೊದಲು, ನನ್ನ ಹಜ್‌ನ ಆಸೆ ಕೊನೆಗೆ.

ನಡುವೆ ಆರೋಗ್ಯ ಕೈಕೊಟ್ಟರೆ ಹಟ ಮಾಡಬೇಡಿ, ಮುರಿಯಿರಿ. ನಮ್ಮ ಹನಫಿ ಪದ್ಧತಿಯಲ್ಲಿ ಅದನ್ನು ಇನ್ನೊಂದು ದಿನ ತೀರಿಸಬೇಕು, ಅಷ್ಟೇ. ಮರುದಿನ ಬಕ್ರೀದ್, ಅಂದು ರೋಜಾ ಹರಾಮ್ (ನಿಷಿದ್ಧ). ಮುಂದಿನ ಮೂರು ದಿನಗಳಲ್ಲೂ ಇರಬಾರದು. ಪ್ರತಿ ತಿಂಗಳು 13, 14, 15ಕ್ಕೆ ರೋಜಾ ಇರುವವರು ಆ ತಿಂಗಳು 13 ಬಿಟ್ಟು 14ರಿಂದ ಶುರುಮಾಡಬೇಕು.