ಊಟ ಆದ ಕೂಡಲೇ ಚಹಾ ಬೇಡ, ತಟ್ಟೆ ಪಕ್ಕ ನಿಂಬೆಹಣ್ಣು ಇರಲಿ

ಊಟ ಆದ ಮೇಲೆ ಅರ್ಧ ಲೋಟ ಚಹಾ ಬೀಳದಿದ್ದರೆ ಊಟವೇ ಮುಗಿದಂಗಿಲ್ಲ ಅನ್ನುವವರು ನಮ್ಮ ದಾವಣಗೆರೆಯಲ್ಲಿ ಬಹಳ ಜನ. ನಾನೂ ಮೂವತ್ತು ವರ್ಷ ಹಾಗೇ ಇದ್ದೆ. ದಿನಾ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು ತಿಂದರೂ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಗಿರಬೇಕಾದ ಜಾಗ ಬಿಳುಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9. ಹೆಂಗಸರಿಗೆ 12 ಆದರೂ ಇರಬೇಕಂತೆ. "ಏನು ತಿಂತೀರಿ ಅಂತ ಆಮೇಲೆ ಕೇಳ್ತೀನಿ, ತಿಂದ ಮೇಲೆ ಏನು ಕುಡೀತೀರಿ ಹೇಳಿ" ಅಂದರು.

ರಕ್ತದ ಹಿಮೋಗ್ಲೋಬಿನ್ ಆಗಲು ಕಬ್ಬಿಣದ ಅಂಶ ಬೇಕು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದೇ ಕಡಿಮೆ. ಅದರ ಮೇಲೆ ಚಹಾ ಸುರಿದರೆ ಚಹಾದ ಒಗರು ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೈಗೆ ಸಿಗುವುದು ಇನ್ನೂ ಕಡಿಮೆ. ಅದಕ್ಕೇ ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಬಿಡಿ. ನಿಂಬೆಹಣ್ಣಿನ ಸಿ ವಿಟಮಿನ್ ಇದಕ್ಕೆ ತದ್ವಿರುದ್ಧ, ಕಬ್ಬಿಣವನ್ನು ಮೈಗೆ ಸೇರಿಸುತ್ತದೆ. ಆದರೆ ಬಿಸಿಗೆ ಅದು ಹಾಳಾಗುತ್ತದೆ. ಒಲೆ ಆರಿಸಿ, ಪಲ್ಯ ತಟ್ಟೆಗೆ ಬಡಿಸಿದ ಮೇಲೆ ಅರ್ಧ ಹೋಳು ಹಿಂಡಿಕೊಳ್ಳಿ. ರೊಟ್ಟಿ ಜೊತೆ ಹಸಿ ಹಕ್ಕರಕಿ ಸೊಪ್ಪು ತಿನ್ನುವ ರೂಢಿ ಇದೆಯಲ್ವಾ, ಅದನ್ನು ಮಾತ್ರ ಬಿಡಬೇಡಿ.

ಮಡಕೆ ಕಾಳು, ಹೆಸರುಕಾಳನ್ನು ಸುಮ್ನೆ ಬೇಯಿಸುವ ಬದಲು ಮೊಳಕೆ ಕಟ್ಟಿ. ರಾತ್ರಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಗಂಟು ಹಾಕಿಟ್ಟರೆ ಮರುದಿನಕ್ಕೆ ಬಿಳಿ ಬಾಲ ಬಂದಿರುತ್ತದೆ. ಕಬ್ಬಿಣ, ಸತು ಮೈಗೆ ಹತ್ತದಂತೆ ತಡೆಯುವ ಅಂಶ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಒಣಕಾಳಿನಲ್ಲಿ ಇಲ್ಲದ ಸಿ ವಿಟಮಿನ್ನೂ ಹುಟ್ಟುತ್ತದೆ.

ನನ್ನ ತವರು ಚಿತ್ರದುರ್ಗದ ಕಡೆ. ಅಲ್ಲಿ ರಾಗಿ ಮುದ್ದೆ ಇಲ್ಲದೆ ಊಟ ಇಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಆ ಕ್ಯಾಲ್ಸಿಯಂ ಮೂಳೆಗೆ ಸೇರಲು ಡಿ ವಿಟಮಿನ್ ಬೇಕು, ಅದಕ್ಕೆ ಬಿಸಿಲು ಬೇಕು. ಮಾಳಿಗೆ ಮೇಲೆ ಶೇಂಗಾ ಒಣಹಾಕುವಾಗ ನಮಗೆ ಬಿಸಿಲು ತಾನಾಗೇ ಸಿಗುತ್ತಿತ್ತು. ಈಗಿನ ಹೆಣ್ಣುಮಕ್ಕಳಿಗೆ ಅದೇ ಇಲ್ಲ ಅನ್ನುವುದು ನನ್ನ ದೊಡ್ಡ ಚಿಂತೆ. ಇನ್ನೊಂದು ಮಾತು. ಚಿತ್ರದುರ್ಗದ ಕಡೆ ಎಷ್ಟೋ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುದಿಸಿದರೆ ಅದು ಹೋಗುವುದಿಲ್ಲ. ಹಲ್ಲು, ಮೂಳೆ ಎರಡನ್ನೂ ಕೆಡಿಸುತ್ತದೆ, ಕುಡಿಯಲು ಶುದ್ಧೀಕರಣ ಘಟಕದ ನೀರನ್ನೇ ತನ್ನಿ.

ನುಗ್ಗೆಸೊಪ್ಪು, ಗಜ್ಜರಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಬೇಕೇ ಬೇಕು. ಕಣ್ಣಿಗೆ ಬೇಕಾದ ಎ ವಿಟಮಿನ್ ಜಿಡ್ಡಿಲ್ಲದೆ ಮೈಗೆ ಸೇರದು. ಉಪ್ಪಿನ ಡಬ್ಬಿ ಮುಚ್ಚಿಡಿ, ಅಯೋಡಿನ್ ಉಳಿಯುತ್ತದೆ. ಮಾಂಸ, ಮೊಟ್ಟೆ ತಿನ್ನದವರು ಹಾಲು, ಮೊಸರು ಬಿಡಬೇಡಿ, ಬಿ12 ಸೊಪ್ಪು ಕಾಳಿನಲ್ಲಿ ಸಿಗುವುದಿಲ್ಲ. ಕೈಕಾಲು ಜುಮುಜುಮು ಅಂದರೆ ಪರೀಕ್ಷೆ ಮಾಡಿಸಿ.

ಸೊಸೆಗೆ ಈಗ ಐದು ತಿಂಗಳು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗುತ್ತಿದ್ದಳು. ಕ್ಯಾಲ್ಸಿಯಂ ಜೊತೆಗಿದ್ದರೆ ಕಬ್ಬಿಣ ಸರಿಯಾಗಿ ಹತ್ತುವುದಿಲ್ಲ. ಡಾಕ್ಟರನ್ನು ಕೇಳಿ, ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಆದ ಮೇಲೆ, ಕಬ್ಬಿಣ ರಾತ್ರಿ ಅಂತ ಎರಡು ಡಬ್ಬಿ ಮಾಡಿಟ್ಟಿದ್ದೇನೆ. ಮಲ ಕಪ್ಪಗಾಯಿತು ಅಂತ ಮೊದಲ ವಾರ ಹೆದರಿದ್ದಳು. ಆ ಮಾತ್ರೆಗೆ ಹಾಗಾಗುತ್ತೆ ಕಣವ್ವ, ನಿಲ್ಲಿಸಬೇಡ ಅಂದೆ. ಚಹಾ ಈಗ ನಾಲ್ಕು ಗಂಟೆಗೆ, ಇಬ್ಬರೂ ಒಟ್ಟಿಗೇ ಕುಡಿಯುತ್ತೇವೆ.