ಹಳೆ ನಿಕಾನ್ ಡಿ90 ಕ್ಯಾಮೆರಾ ಸಾಕಾ, ಮಿರರ್‌ಲೆಸ್ ಬೇಕಾ? ಹೀಗೆ ಹೋಲಿಸಿ

ಸುಮ್ನೆ ಮೆಗಾಪಿಕ್ಸೆಲ್ ಲೆಕ್ಕ ಹಾಕಬೇಡಿ. 2008ರ ನಿಕಾನ್ ಡಿ90ರಲ್ಲಿ 12.3, 2019ರ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ನಿಕಾನ್ ಜೆಡ್50ರಲ್ಲಿ 20.9 ಇದೆ, ಆದರೆ ಮೊಬೈಲಿನಲ್ಲಿ ನೋಡಿದರೆ ಇದರ ವ್ಯತ್ಯಾಸ ಕಾಣುವುದೇ ಇಲ್ಲ.

ಸಂಜೆ ಮನೆಯೊಳಗೆ, ಒಂದೇ ಟ್ಯೂಬ್‌ಲೈಟ್ ಬೆಳಕಿನಲ್ಲಿ, ಓಡಾಡುವ ಮಗುವಿನ ಫೋಟೋವನ್ನು ಎರಡರಲ್ಲೂ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200 ಇಟ್ಟು ತೆಗೆಯಿರಿ, ಆಮೇಲೆ ಕಂಪ್ಯೂಟರಿನಲ್ಲಿ ಕಣ್ಣಿನ ಭಾಗವನ್ನು ದೊಡ್ಡದು ಮಾಡಿ ನೋಡಿ. ಡಿ90ಕ್ಕೆ 11 ಫೋಕಸ್ ಪಾಯಿಂಟ್, ಜೆಡ್50ಕ್ಕೆ 209, ಜೊತೆಗೆ ಅದು ಕಣ್ಣನ್ನೇ ಹುಡುಕಿ ಹಿಡಿಯುತ್ತದೆ. ಅಸಲಿ ಫರಕು ಇರುವುದು ಅಲ್ಲೇ.

ಲೆನ್ಸ್ ಮರೆಯಬೇಡಿ. ಹಳೆ ನಿಕಾನ್ ಲೆನ್ಸನ್ನು ಜೆಡ್50ಕ್ಕೆ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರ್ ಹಾಕಿದರೆ, ಒಳಗೇ ಮೋಟರ್ ಇರುವ ಎಎಫ್‌-ಎಸ್ ಲೆನ್ಸ್‌ಗಳಲ್ಲಿ ಆಟೋಫೋಕಸ್ ನಡೆಯುತ್ತದೆ. ಒಳಗೆ ಮೋಟರ್ ಇಲ್ಲದ ಎಎಫ್‌-ಡಿ ಲೆನ್ಸಾದರೆ ಫೋಕಸ್ಸನ್ನು ಕೈಯಲ್ಲೇ ತಿರುಗಿಸಬೇಕು, ಅಡಾಪ್ಟರಿನಲ್ಲೂ ಮೋಟರ್ ಇಲ್ಲ ಅಲ್ವಾ!

ಬ್ಯಾಟರಿಯಲ್ಲಿ ಮಾತ್ರ ಹಳೆಯದೇ ಮೇಲು. ಮದುವೆ ಮನೆಗೆ ಜೆಡ್50 ಒಯ್ದರೆ ಜೇಬಿನಲ್ಲಿ ಇನ್ನೊಂದು ಬ್ಯಾಟರಿ ಇರಲಿ.